ಅಂಗಳದ ಹಳೆಯ ಹೂಗಳು: ಬೀಜ ಬಿತ್ತುವುದರಿಂದ ಬೀಜ ಹಿಡಿಯುವವರೆಗೆ



ನಮ್ಮ ವಾರ್ತಾಪತ್ರದಲ್ಲಿ ಕಾಫಿ, ಅಡಿಕೆ, ಮೆಣಸು, ಗೊಬ್ಬರ, ಧಾರಣೆ ಇವುಗಳ ವಿಷಯ ತಪ್ಪದೆ ಬರುತ್ತದೆ. ಈ ಸಲ ತೋಟದಿಂದ ಮನೆಯಂಗಳಕ್ಕೆ ಬಂದಿದ್ದೇವೆ. ಬೀಜದಿಂದ ಬೆಳೆಸಿ, ಕೊಯ್ದು ಹೂದಾನಿಯಲ್ಲಿಡುವ ಹಳೆಯ ಋತುಮಾನದ ಹೂಗಳ ಪಾಠವನ್ನು ಕೈಗೆತ್ತಿಕೊಂಡಿದ್ದೇವೆ. ಅಂಗಳದ ಪಾತಿ ಸಾಮಾನ್ಯವಾಗಿ ಮನೆಯ ಹೆಂಗಸರ ಕೈಯಲ್ಲಿರುವುದರಿಂದ ಅವರೇ ಇದನ್ನು ಮೊದಲು ಓದುವರೆಂದು ನಂಬಿದ್ದೇವೆ. ಗಂಡಸರೂ ಓದಬೇಕು, ಇಲ್ಲಿ ಹೇಳುವ ಬೀಜದ ವಿಚಾರ ಕಾಫಿ ನರ್ಸರಿಗೂ ತರಕಾರಿ ಪಾತಿಗೂ ಸಲ್ಲುವಂಥದು.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಮಳೆ ಬಿಟ್ಟ ಮೇಲೆ ಕಚೇರಿಗೆ ಬರುವ ಸದಸ್ಯರ ಮನೆಯವರಿಂದ ಎರಡು ದೂರುಗಳನ್ನು ಪದೇ ಪದೇ ಕೇಳುತ್ತಿದ್ದೇವೆ. “ಅತ್ತೆಯವರ ಕಾಲದಿಂದ ಬಂದ ಬೀಜ ಈ ವರ್ಷ ಒಂದೂ ಹುಟ್ಟಲಿಲ್ಲ” ಎಂಬುದು ಒಂದು. “ಪೇಟೆಯಿಂದ ತಂದ ಬಣ್ಣದ ಪೊಟ್ಟಣದ ಬೀಜ ಚೆನ್ನಾಗಿ ಹುಟ್ಟಿತು, ಬಳ್ಳಿ ಆಳೆತ್ತರ ಹೋಯಿತು, ಹೂ ಮಾತ್ರ ಬಿಡಲಿಲ್ಲ” ಎಂಬುದು ಇನ್ನೊಂದು. ಎರಡೂ ಬೇರೆ ಬೇರೆ ರೋಗದಂತೆ ಕಂಡರೂ ಮದ್ದು ಒಂದೇ. ಈ ಹೂಗಳಲ್ಲಿ ಬೆಳೆಸುವುದು ಅರ್ಧ ಕೆಲಸ. ಸರಿಯಾದ ಗಿಡದಿಂದ ಬೀಜ ಹಿಡಿದು, ಅದನ್ನು ನಮ್ಮ ಮಳೆಗಾಲ ದಾಟಿಸುವುದು ಉಳಿದರ್ಧ. ಆ ಉಳಿದರ್ಧ ತಪ್ಪಿದರೆ, ಎರಡು ತಲೆಮಾರಿನಿಂದ ಮನೆಯಲ್ಲಿದ್ದ ತಳಿ ಒಂದೇ ವರ್ಷದಲ್ಲಿ ಮನೆ ಬಿಟ್ಟು ಹೋಗುತ್ತದೆ.

ಹಳೆಯ ತಳಿ ಎಂದರೇನು?

ಯಾವ ಗಿಡದ ಬೀಜವನ್ನು ಬಿತ್ತಿದರೆ ತಾಯಿಯಂಥದೇ ಗಿಡ ಮತ್ತೆ ಬರುವುದೋ, ಹಾಗೆ ವರ್ಷದಿಂದ ವರ್ಷಕ್ಕೆ ಬೀಜದಿಂದಲೇ ಉಳಿದು ಬಂದಿದೆಯೋ, ಅದನ್ನು ಇಲ್ಲಿ ಹಳೆಯ ತಳಿ ಎನ್ನುತ್ತೇವೆ. ಇಂದು ಪೊಟ್ಟಣಗಳಲ್ಲಿ ಬರುವ ಹೂಬೀಜಗಳಲ್ಲಿ ಎಷ್ಟೋ ‘ಎಫ್-1’ ಸಂಕರ ಬೀಜಗಳು. ಅವು ಮೊದಲ ವರ್ಷ ಒಂದೇ ಎತ್ತರ, ಒಂದೇ ಬಣ್ಣದಲ್ಲಿ ಸೊಗಸಾಗಿ ಬರುತ್ತವೆ. ಅವುಗಳ ಬೀಜ ಹಿಡಿದು ಬಿತ್ತಿದರೆ ಮರುವರ್ಷ ಒಂದೊಂದು ಗಿಡ ಒಂದೊಂದು ಬಗೆಯಾಗುತ್ತದೆ. ಅಲ್ಲಿ ಬೀಜಕ್ಕಾಗಿ ಪ್ರತಿ ವರ್ಷವೂ ಅಂಗಡಿಗೇ ಹೋಗಬೇಕು. ಪೊಟ್ಟಣ ಕೊಳ್ಳುವವರು ಅದರ ಮೇಲೆ ಈ ಗುರುತಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಕಾಫಿ ಬೆಳೆಗಾರರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಬೀಜದ ಸಸಿ ಬಹುಮಟ್ಟಿಗೆ ತಾಯಿಯನ್ನು ಹೋಲುತ್ತದೆ. ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು. ಅದರ ಬೀಜದ ಸಸಿಗಳಲ್ಲಿ ವ್ಯತ್ಯಾಸ ಹೆಚ್ಚು. ಹೂಗಿಡಗಳಲ್ಲಿಯೂ ಅರೇಬಿಕಾ ಸ್ವಭಾವದವಿವೆ, ರೊಬಸ್ಟಾ ಸ್ವಭಾವದವೂ ಇವೆ. ಬೀಜ ಹಿಡಿಯುವವರು ತಮ್ಮ ಹೂ ಯಾವ ಸ್ವಭಾವದ್ದೆಂದು ತಿಳಿದಿರಬೇಕು.

ಋತುಮಾನದ ಹೂಗಳಲ್ಲಿ ನೂರಾರು ಬಗೆಯಿವೆ. ಪಾಠಕ್ಕೆ ಮೂರನ್ನು ಆರಿಸಿಕೊಂಡಿದ್ದೇವೆ: ಸ್ವೀಟ್ ಪೀ, ಲಾರ್ಕ್‌ಸ್ಪರ್, ಚೀನಾ ಆಸ್ಟರ್. ಮೂರೂ ನಾಜೂಕಿನವು. ಮೂರರ ಬೀಜದ ಸ್ವಭಾವ ಮೂರು ಬಗೆ. ಈ ಮೂರನ್ನು ಕಲಿತವರು ಉಳಿದ ಹೂಗಳನ್ನು ತಾವೇ ಬೆಳೆಸಬಲ್ಲರು.

ಸ್ವೀಟ್ ಪೀ ನಡೆದು ಬಂದ ದಾರಿ

ಸ್ವೀಟ್ ಪೀಯ ತವರು ಸಿಸಿಲಿ ದ್ವೀಪ ಮತ್ತು ದಕ್ಷಿಣ ಇಟಲಿ. ಸಿಸಿಲಿಯ ಕ್ರೈಸ್ತ ಸನ್ಯಾಸಿ ಫ್ರಾನ್ಸಿಸ್ಕೊ ಕ್ಯುಪಾನಿ 1699ರಲ್ಲಿ ಇದರ ಬೀಜವನ್ನು ಇಂಗ್ಲೆಂಡಿನ ಎನ್‌ಫೀಲ್ಡ್ ಊರಿನ ಉಪಾಧ್ಯಾಯ ರಾಬರ್ಟ್ ಯೂವಡೇಲ್‌ಗೆ ಕಳುಹಿಸಿದ. ಮೇಲಿನ ದಳ ಕಡುಗೆಂಪು, ಪಕ್ಕದ ದಳ ನೇರಳೆ, ಹೂ ಚಿಕ್ಕದು, ಪರಿಮಳ ಮಾತ್ರ ಬಲವಾದದ್ದು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನ ವೆಮ್ ಎಂಬ ಊರಿನಲ್ಲಿ ಹೆನ್ರಿ ಎಕ್‌ಫರ್ಡ್ ಎಂಬ ತೋಟಗಾರ ತಳಿ ಸುಧಾರಣೆ ನಡೆಸಿ ದೊಡ್ಡ ಹೂಗಳ ಹೊಸ ಬಣ್ಣಗಳನ್ನು ತಂದ. 1901ರ ಹೊತ್ತಿಗೆ ಆಲ್ತಾರ್ಪ್ ಬಂಗಲೆಯ ತೋಟಗಾರ ಸೈಲಸ್ ಕೋಲ್ ಪ್ರದರ್ಶಿಸಿದ ಅಲೆ ಅಲೆ ದಳದ ‘ಕೌಂಟೆಸ್ ಸ್ಪೆನ್ಸರ್’ನಿಂದ ಇಂದಿನ ಸ್ಪೆನ್ಸರ್ ವರ್ಗ ಹುಟ್ಟಿತು. ಇಷ್ಟೆಲ್ಲ ಹೊಸತು ಬಂದ ಮೇಲೂ ಆ ಎರಡು ಬಣ್ಣದ ಚಿಕ್ಕ ಹೂ ಕ್ಯುಪಾನಿಯ ಹೆಸರಿನಲ್ಲಿ ಇಂದಿಗೂ ಬೀಜವಾಗಿ ದೊರೆಯುತ್ತದೆ. ವರ್ಷ ವರ್ಷವೂ ಯಾರೋ ಒಬ್ಬರು ಬಿತ್ತಿ ಬೀಜ ಹಿಡಿದದ್ದರಿಂದ ಅದು ಮುನ್ನೂರು ವರ್ಷ ಬಾಳಿತು.

ನಮ್ಮ ಕಡೆಗೆ ಇಂಥ ಹೂಗಳು ಬಂದದ್ದು ಬಂಗಲೆಗಳ ಮೂಲಕ. 19ನೆಯ ಶತಮಾನದಲ್ಲಿ ಕಾಫಿ ತೋಟ ಮಾಡಲು ಬಂದ ಯುರೋಪಿಯನ್ನರು ತಮ್ಮ ಊರಿನ ಹೂಗಳನ್ನು ಇಲ್ಲಿನ ಚಳಿಗಾಲದಲ್ಲಿ ಬೆಳೆಸಿದರು. ಮೈಸೂರು ಸಂಸ್ಥಾನದಲ್ಲಿ ಲಾಲ್‌ಬಾಗ್ ಇಂಥ ಅಭಿರುಚಿಗೆ ಆಸರೆಯಾಯಿತು. 1908ರಿಂದ 1932ರವರೆಗೆ ಅಲ್ಲಿ ಅಧಿಕಾರದಲ್ಲಿದ್ದ ಜರ್ಮನಿಯ ಕ್ರುಂಬಿಗಲ್ ಅವರ ಹೆಸರು ತೋಟಗಾರರಿಗೆಲ್ಲ ಗೊತ್ತು. ಬಂಗಲೆಯ ಮಾಲಿಯ ಕೈಯಿಂದ ಅಂಗಳಕ್ಕೆ, ತವರುಮನೆಯಿಂದ ಗಂಡನ ಮನೆಗೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಈ ಬೀಜಗಳು ಊರೂರಿಗೆ ಹೋದವು.

ಕಾಲ ಹಿಡಿಯುವುದು

ನಮ್ಮ ಕಡೆ ಈ ಹೂಗಳಿಗೆ ಸಿಗುವುದು ಒಂದೇ ಕಾಲ: ಮಳೆ ಹಿಂದೆಗೆದ ಮೇಲಿನಿಂದ ಬಿಸಿಲು ಏರುವವರೆಗಿನ ಐದು ತಿಂಗಳು. ಮಳೆಯಲ್ಲಿ ಬಿತ್ತಿದರೆ ಬುಡ ಕೊಳೆಯುತ್ತದೆ. ಡಿಸೆಂಬರಿಗೆ ಹೋದರೆ ಗಿಡ ಹೂವಿಗೆ ಬರುವಾಗ ಮಾರ್ಚಿಯ ಬಿಸಿಲು ತಾಗುತ್ತದೆ. ಸ್ವೀಟ್ ಪೀ ಮತ್ತು ಆಸ್ಟರ್ ಬೀಜವನ್ನು ನವರಾತ್ರಿಯ ಸುಮಾರಿಗೆ, ಎಂದರೆ ಹಸ್ತ–ಚಿತ್ತೆ ಮಳೆಗಳ ನಡುವೆ, ಮಾಡಿನ ಕೆಳಗೆ ಅಥವಾ ಚಪ್ಪರದಡಿ ಬಿತ್ತಬೇಕು. ಲಾರ್ಕ್‌ಸ್ಪರ್ ಬೀಜಕ್ಕೆ ಸ್ವಾತಿ ಮಳೆ ಕಳೆದು ರಾತ್ರಿ ತಂಪಾಗಬೇಕು. ನವೆಂಬರ್ ಎರಡನೆಯ ವಾರ ಒಳ್ಳೆಯದು. ಕೊನೆ ಕೊಯ್ಲು, ಕಾಫಿ ಕೊಯ್ಲು ಜೋರಾದ ಮೇಲೆ ಅಂಗಳದ ಕಡೆಗೆ ನೋಡಲು ಯಾರಿಗೂ ಪುರಸೊತ್ತಿರುವುದಿಲ್ಲ. ಅದಕ್ಕೂ ಮೊದಲು ಸಸಿ ಬೇರು ಹಿಡಿದಿದ್ದರೆ ಮುಂದೆ ನೀರು ಮತ್ತು ಊರುಗೋಲಿನ ಕೆಲಸ ಮಾತ್ರ ಉಳಿಯುತ್ತದೆ.

ಹೂ ಬಿಡದ ಬಳ್ಳಿಯ ಗುಟ್ಟು ಇಲ್ಲಿದೆ. ಸ್ವೀಟ್ ಪೀ ಹೂವಿಗೆ ಬರುವುದು ಹಗಲಿನ ಉದ್ದವನ್ನು ನೋಡಿಕೊಂಡು. ಜೂನ್ ತಿಂಗಳಲ್ಲಿ ಲಂಡನ್ನಿನ ಹಗಲು ಸುಮಾರು ಹದಿನಾರೂವರೆ ಗಂಟೆ. ನಮ್ಮಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 20 ನಿಮಿಷ. ಸ್ಪೆನ್ಸರ್ ವರ್ಗದ ತಳಿಗಳಿಗೆ ಹನ್ನೆರಡು ಗಂಟೆಯ ಆಸುಪಾಸಿನ ಹಗಲು ಬೇಕು. ನಮ್ಮಲ್ಲಿ ಅಷ್ಟು ಹಗಲು ಬರುವುದು ಮಾರ್ಚಿ ಮೂರನೆಯ ವಾರಕ್ಕೆ. ಆಗ ಬಿಸಿಲೂ ಜೊತೆಗೇ ಬಂದು ಬಳ್ಳಿ ಒಣಗುತ್ತದೆ. ಆದ್ದರಿಂದ ಬೀಜ ಕೊಳ್ಳುವವರು ಚಳಿಗಾಲದಲ್ಲಿ ಅರಳುವ, ಬೇಗ ಹೂ ಬಿಡುವ ವರ್ಗವನ್ನೇ ಕೇಳಿ ತರಬೇಕು. ಇಲ್ಲವೇ ಇಲ್ಲಿಯೇ ಹತ್ತಾರು ವರ್ಷ ಚಳಿಗಾಲದಲ್ಲಿ ಹೂ ಬಿಟ್ಟು ಬಂದ ನೆರೆಮನೆಯ ಬೀಜವನ್ನು ಕೇಳಿ ಪಡೆಯಬೇಕು. ಎರಡನೆಯದು ಖರ್ಚಿಲ್ಲದ್ದು, ಹೂವಿನ ಖಾತರಿಯೂ ಹೆಚ್ಚು.

ಪಾತಿಯ ಸಿದ್ಧತೆ

ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಜಾಗ ಆರಿಸಿ. ಕಾಫಿಯ ನೆರಳು ಈ ಹೂಗಳಿಗೆ ಆಗದು. ಒಂದಡಿ ಆಳಕ್ಕೆ ಅಗೆದು, ಚದರ ಗಜಕ್ಕೆ ಒಂದು ಬುಟ್ಟಿಯಂತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಪುಡಿಯಾದ ದರಗು ಬೆರೆಸಿ. ನಮ್ಮ ಮಣ್ಣು ಮಳೆಗೆ ತೊಳೆದು ಹುಳಿಯಾಗಿರುತ್ತದೆ. ಸ್ವೀಟ್ ಪೀಗೂ ಲಾರ್ಕ್‌ಸ್ಪರ್‌ಗೂ ಹುಳಿ ಮಣ್ಣು ಒಗ್ಗುವುದಿಲ್ಲ. ಬಿತ್ತನೆಗೆ ಮೂರು ವಾರ ಮೊದಲು ಚದರ ಗಜಕ್ಕೆ ಎರಡು ಹಿಡಿ ಕೃಷಿ ಸುಣ್ಣ ಹಾಕಿ ಮಣ್ಣಿಗೆ ಸೇರಿಸಿ. ಪಾತಿ ನೆಲಮಟ್ಟದಿಂದ ಆರು ಅಂಗುಲ ಎತ್ತರವಿರಲಿ. ಯೂರಿಯಾ ಹಾಕಬೇಡಿ, ಹಾಕಿದರೆ ಎಲೆ ಸೊಕ್ಕುತ್ತದೆ, ಹೂ ತಡವಾಗುತ್ತದೆ. ಒಲೆ ಬೂದಿ ಸ್ವಲ್ಪ ಹಾಕಬಹುದು. ಆದರೆ ಬೂದಿಯೂ ಹುಳಿ ಮುರಿಯುವುದರಿಂದ ಸುಣ್ಣ ಹಾಕಿದ ಪಾತಿಗೆ ಮಿತವಾಗಿರಲಿ.

ಸ್ವೀಟ್ ಪೀ

ಇದರ ಬೀಜದ ಸಿಪ್ಪೆ ಗಟ್ಟಿ. ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ನೋಡಿ. ಉಬ್ಬಿದ ಬೀಜವನ್ನು ಹಾಗೆಯೇ ಬಿತ್ತಿ. ಉಬ್ಬದೆ ಉಳಿದದ್ದನ್ನು ಮಾತ್ರ ಉಗುರು ಕತ್ತರಿಸುವ ಕತ್ತರಿಯಿಂದ, ಬೀಜದ ಕಣ್ಣಿಗೆ ಎದುರು ಬದಿಯಲ್ಲಿ, ಸಿಪ್ಪೆ ಚೂರು ಚಿವುಟಿ ಬಿತ್ತಿ. ಬಿಳಿ ಹೂವಿನ ಕೆಲವು ತಳಿಗಳ ಬೀಜ ಬೆಳ್ಳಗೆ, ಸಿಪ್ಪೆ ತೆಳ್ಳಗೆ ಇರುತ್ತದೆ. ಅದನ್ನು ನೆನೆಹಾಕಿದರೆ ಕೊಳೆಯುತ್ತದೆ.

ತಾಯಿಬೇರು ನೆಟ್ಟಗೆ ಆಳಕ್ಕಿಳಿಯುತ್ತದೆ. ಅದು ಮುರಿದರೆ ಗಿಡ ಹಿಂದೆ ಬೀಳುತ್ತದೆ. ಕಾಫಿ ಸಸಿಗೆ ಬಳಸುವ ಪ್ಲಾಸ್ಟಿಕ್ ಕೊಟ್ಟೆಯೇ ಇದಕ್ಕೆ ಸಾಕು. ಅಡಿಕೆ ಹಾಳೆಯನ್ನು ಆರಂಗುಲದ ಕೊಳವೆಯಂತೆ ಸುತ್ತಿ ಬಾಳೆ ನಾರಿನಿಂದ ಕಟ್ಟಿದರೆ ಇನ್ನೂ ಒಳ್ಳೆಯದು. ನೆಡುವಾಗ ಬಿಡಿಸುವ ಗೋಜಿಲ್ಲ, ಹಾಳೆ ಸಮೇತ ಮಣ್ಣಿಗಿಡಬಹುದು. ಕೊಟ್ಟೆಗೆ ಎರಡು ಬೀಜ, ಒಂದಂಗುಲ ಆಳ. ಎರಡು ವಾರದೊಳಗೆ ಮೊಳಕೆ ಬರುತ್ತದೆ. ಇಲಿಯ ಕಾಟವಿದ್ದಲ್ಲಿ ತಂತಿ ಬಲೆ ಮುಚ್ಚಬೇಕು.

ಮೂರು ಜೊತೆ ಎಲೆ ಬಂದಾಗ ಕುಡಿ ಚಿವುಟಿ. ಬುಡದಿಂದ ಬರುವ ಕವಲುಗಳೇ ಹೂ ಬಿಡುವ ಕವಲುಗಳು. ನಾಲ್ಕೈದು ವಾರಕ್ಕೆ ಒಂಬತ್ತು ಅಂಗುಲ ಅಂತರದಲ್ಲಿ ಪಾತಿಗೆ ಇಟ್ಟು, ಅಡಿಕೆ ದಬ್ಬೆಯ ಎತ್ತರದ ತಟ್ಟಿ ಕಟ್ಟಿ, ಹಗ್ಗ ಎಳೆದು ಬಳ್ಳಿ ಹಬ್ಬಿಸಿ. ನೀರನ್ನು ಬೆಳಿಗ್ಗೆ, ಬುಡಕ್ಕೆ ಮಾತ್ರ ಹಾಕಬೇಕು. ಚಳಿಗಾಲದ ಕೊನೆಗೆ ಎಲೆಯ ಮೇಲೆ ಬೂದಿ ರೋಗ ಬರಬಹುದು. ಗಾಳಿಯಾಡುವಂತೆ ಬಳ್ಳಿ ಬಿಡಿಸಿಟ್ಟು, ಕಂಡ ಎಲೆ ಕಿತ್ತು ಸುಡುವುದು ಮೊದಲ ಉಪಾಯ.

ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ಸ್ವೀಟ್ ಪೀ ಕಾಯಿ ಬಟಾಣಿಯಂತೆ ಕಂಡರೂ ತಿನ್ನುವಂಥದಲ್ಲ, ವಿಷ. ಕಾಲಿನ ಬಲ ಕಳೆಯುವ ಕೇಸರಿ ಬೇಳೆಯ ಕುಲದ್ದೇ ಇದು. ಮಕ್ಕಳ ಕೈಗೆ ಕೊಡಬೇಡಿ, ಅಡಿಗೆಮನೆಯ ಡಬ್ಬಗಳ ಸಾಲಿನಲ್ಲಿ ಬೀಜ ಇಡಬೇಡಿ.

ಲಾರ್ಕ್‌ಸ್ಪರ್

ನೀಲಿ, ಗುಲಾಬಿ, ಬಿಳಿ ಹೂಗಳು ಒಂದು ಕಡ್ಡಿಯಲ್ಲಿ ಸಾಲಾಗಿ ನಿಲ್ಲುವ ಈ ಗಿಡಕ್ಕೆ ಎರಡು ಹಟಗಳಿವೆ. ಮಣ್ಣು ಬೆಚ್ಚಗಿದ್ದರೆ ಬೀಜ ಹುಟ್ಟುವುದಿಲ್ಲ. ಕಿತ್ತು ನೆಟ್ಟರೆ ಗಿಡ ಏಳುವುದಿಲ್ಲ. ಮೊದಲ ಹಟಕ್ಕೆ ಉಪಾಯವೆಂದರೆ ಬೀಜವನ್ನು ಒದ್ದೆ ಮರಳಿನಲ್ಲಿ ಬೆರೆಸಿ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಹತ್ತು ಹದಿನೈದು ದಿನ ಇಡುವುದು. ಎರಡನೆಯ ಹಟಕ್ಕೆ ಉಪಾಯವೆಂದರೆ ಇರಬೇಕಾದ ಜಾಗದಲ್ಲೇ ಬಿತ್ತುವುದು. ಮರಳಿನ ಸಮೇತ ಸಾಲಿನಲ್ಲಿ ಉದುರಿಸಿ, ಕಾಲಂಗುಲ ಮಣ್ಣು ಮುಚ್ಚಿ. ಬೀಜಕ್ಕೆ ಬೆಳಕು ತಾಗಬಾರದು. ಮೊಳೆಯಲು ಎರಡು ಮೂರು ವಾರ ಹಿಡಿದೀತು; ಹುಟ್ಟಲಿಲ್ಲವೆಂದು ಪಾತಿ ಕೆದಕಬೇಡಿ. ಸಸಿ ಎರಡಂಗುಲ ಆದಾಗ ಹೆಚ್ಚಿನದನ್ನು ಕಿತ್ತು ಆರರಿಂದ ಒಂಬತ್ತು ಅಂಗುಲಕ್ಕೆ ಒಂದರಂತೆ ಉಳಿಸಿ. ಎಳೆ ಸಸಿಗೆ ಬಸವನಹುಳುವಿನ ಕಾಟ ಹೆಚ್ಚು; ಸಂಜೆ ದೀಪ ಹಿಡಿದು ಆರಿಸಿ ತೆಗೆಯಬೇಕು.

ಇದರ ಗಿಡವೂ ಬೀಜವೂ ವಿಷವೇ. ಕಿತ್ತ ಗಿಡವನ್ನು ದನದ ಹುಲ್ಲಿನ ಜೊತೆ ಸೇರಿಸಬಾರದು.

ಚೀನಾ ಆಸ್ಟರ್

ಚೀನದಿಂದ 18ನೆಯ ಶತಮಾನದಲ್ಲಿ ಪ್ಯಾರಿಸ್ಸಿಗೆ ಹೋಗಿ ಅಲ್ಲಿಂದ ಜಗತ್ತಿಗೆ ಹರಡಿದ ಹೂವಿದು. ನಮ್ಮ ರಾಜ್ಯದ ಬಯಲುಸೀಮೆಯಲ್ಲಿ ಹೊಲದ ಬೆಳೆಯಾಗಿಯೂ ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ‘ಕಾಮಿನಿ’, ‘ಪೂರ್ಣಿಮಾ’, ‘ಶಶಾಂಕ್’, ‘ವಯಲೆಟ್ ಕುಶನ್’ ಎಂಬ ತಳಿಗಳನ್ನು ಕೊಟ್ಟಿದೆ. ಮನೆಯ ಹಳೆಯ ಬೀಜ ಕಳೆದುಕೊಂಡವರು ಇವುಗಳಿಂದ ಹೊಸದಾಗಿ ಆರಂಭಿಸಬಹುದು. ಇವುಗಳ ಬೀಜವನ್ನೂ ಮನೆಯಲ್ಲೇ ಹಿಡಿಯಬಹುದು.

ಮೂರರಲ್ಲಿ ಇದೇ ನಾಟಿಗೆ ಒಗ್ಗುವ ಗಿಡ. ಸಸಿ ಮಡಿಯಲ್ಲಿ ತೆಳ್ಳಗೆ ಬಿತ್ತಿ, ಜರಡಿ ಹಿಡಿದ ಮಣ್ಣು ಮುಚ್ಚಿ, ನಾಲ್ಕೈದು ಎಲೆ ಬಂದಾಗ ಒಂದಡಿ ಅಂತರಕ್ಕೆ ನೆಡಿ. ಬೇರು ಮೇಲ್ಮಣ್ಣಿನಲ್ಲೇ ಇರುವುದರಿಂದ ಆಳವಾಗಿ ಕಳೆ ಕೆತ್ತಬಾರದು. ಬಿತ್ತಿದ ಮೂರು ಮೂರೂವರೆ ತಿಂಗಳಿಗೆ ಹೂ ಬರುತ್ತದೆ. ಇದರ ದೊಡ್ಡ ಶತ್ರು ಸೊರಗು ರೋಗ. ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಈ ವರ್ಷ ನೆಟ್ಟ ಪಾತಿಗೆ ಮತ್ತೆ ನಾಲ್ಕೈದು ವರ್ಷ ಆಸ್ಟರ್ ಹಾಕಬೇಡಿ. ಸೊರಗಿದ ಗಿಡವನ್ನು ಬೇರುಸಹಿತ ಕಿತ್ತು ಸುಡಿ; ಅದರ ಬೀಜ ಬೇಡವೇ ಬೇಡ.

ಹೂ ಕೊಯ್ಯುವ ಕ್ರಮ

ಇಬ್ಬನಿ ಆರುವ ಹೊತ್ತಿಗೆ, ಬಿಸಿಲೇರುವ ಮೊದಲು, ಹರಿತವಾದ ಚಾಕುವಿನಿಂದ ಕೊಯ್ಯಿರಿ. ಸ್ವೀಟ್ ಪೀಯಲ್ಲಿ ತುದಿಯ ಒಂದು ಮೊಗ್ಗು ಇನ್ನೂ ಬಿರಿಯದಿರುವಾಗ, ಲಾರ್ಕ್‌ಸ್ಪರ್‌ನಲ್ಲಿ ಕಡ್ಡಿಯ ಕೆಳಗಿನ ಮೂರನೆಯ ಒಂದು ಪಾಲು ಅರಳಿದಾಗ, ಆಸ್ಟರ್‌ನಲ್ಲಿ ಹೊರಸುತ್ತಿನ ಎಸಳು ಪೂರ್ತಿ ಬಿಚ್ಚಿದಾಗ ಕೊಯ್ಯಬೇಕು. ಕೊಯ್ದೊಡನೆ ಬಕೆಟ್ಟಿನ ನೀರಿಗೆ ಇಡಿ. ಬಕೆಟ್ಟನ್ನು ಮೊದಲೇ ಬಿಸಿನೀರು, ಸೋಪಿನಿಂದ ತೊಳೆದಿರಬೇಕು. ನೀರಿನಲ್ಲಿ ಮುಳುಗುವ ಎಲೆ ತೆಗೆದು, ಕತ್ತಲೆಯ ತಣ್ಣನೆ ಕೋಣೆಯಲ್ಲಿ ಎರಡು ಮೂರು ಗಂಟೆ ಬಿಟ್ಟ ಮೇಲೆ ಜೋಡಿಸಿ. ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಕೆಲವು ಹನಿ ನಿಂಬೆರಸ ಬೆರೆಸಿ ದಿನವೂ ನೀರು ಬದಲಾಯಿಸಿದರೆ ಸ್ವೀಟ್ ಪೀ ನಾಲ್ಕೈದು ದಿನ ಬರುತ್ತದೆ.

ನಮ್ಮ ಮನೆಗಳಲ್ಲಿ ಮುಖ್ಯವಾಗಿ ಗಮನಿಸಬೇಕಾದ್ದು ಬಾಳೆಗೊನೆ. ಹಣ್ಣಾಗುವ ಬಾಳೆ ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಆ ಅನಿಲ ತಾಗಿದರೆ ಲಾರ್ಕ್‌ಸ್ಪರ್ ಎಸಳು ಒಂದೇ ರಾತ್ರಿಯಲ್ಲಿ ಉದುರುವುದುಂಟು, ಸ್ವೀಟ್ ಪೀ ಬೇಗ ಬಾಡುತ್ತದೆ. ಗೊನೆ ತೂಗುಹಾಕಿದ ಕೋಣೆಯಲ್ಲಿ ಹೂ ಇಡಬೇಡಿ.

ಸ್ವೀಟ್ ಪೀ ಹೂವನ್ನು ದಿನ ಬಿಟ್ಟು ದಿನವಾದರೂ ಕೊಯ್ಯಲೇಬೇಕು. ಕಾಯಿ ಕಟ್ಟಲು ಬಿಟ್ಟರೆ ಬಳ್ಳಿ ಹೂ ಬಿಡುವುದನ್ನು ನಿಲ್ಲಿಸುತ್ತದೆ. ಹಾಗಾದರೆ ಬೀಜಕ್ಕೆ ಏನು ಮಾಡುವುದು? ಪಾಠದ ಮುಖ್ಯಭಾಗ ಇನ್ನು ಮುಂದಿದೆ.

ಬೀಜಕ್ಕೆ ಗಿಡ ಆರಿಸುವುದು

ರೂಢಿಯಲ್ಲಿ ನಡೆಯುವುದು ಹೀಗೆ: ಚೆಂದದ ಹೂವನ್ನೆಲ್ಲ ಕೊಯ್ದು ಬಳಸಿ, ಕೊನೆಗೆ ಒಣಗುವ ಗಿಡದಲ್ಲಿ ಉಳಿದ ನಾಲ್ಕು ಕಾಯಿಯನ್ನು ಬೀಜಕ್ಕೆ ಹಿಡಿಯುವುದು. ಉಳಿದದ್ದು ಯಾವ ಗಿಡದ್ದು? ಎಲ್ಲಕ್ಕಿಂತ ತಡವಾಗಿ ಹೂ ಬಿಟ್ಟದ್ದು, ಯಾರ ಕಣ್ಣಿಗೂ ಬೀಳದ ಹೂವಿನದು. ಐದಾರು ವರ್ಷ ಹೀಗೆ ಮಾಡಿದರೆ ಮನೆಯ ತಳಿ ವರ್ಷದಿಂದ ವರ್ಷಕ್ಕೆ ತಡವಾಗುತ್ತ, ಸಣ್ಣದಾಗುತ್ತ ಹೋಗುತ್ತದೆ. ಅಡಿಕೆ ಬೀಜಕ್ಕೆ ಗೋಟು ಬಿಡುವಾಗ ಒಳ್ಳೆಯ ಮರವನ್ನು ಮೊದಲೇ ನೋಡಿಡುವ ನಾವು ಹೂವಿನಲ್ಲಿ ಏಕೆ ಹಾಗೆ ಮಾಡಬಾರದು?

ಮೊದಲು ಹೂ ಬಿಟ್ಟ, ನೀಳ ತೊಟ್ಟಿನ, ರೋಗವಿಲ್ಲದ ಗಿಡಗಳನ್ನು ಹೂ ಬಂದಾಗಲೇ ಗುರುತಿಸಿ ಕೆಂಪು ದಾರ ಕಟ್ಟಿ. ಆ ಗಿಡಗಳ ಹೂ ಕೊಯ್ಯಬೇಡಿ. ಅವು ಬೀಜದ ಪಾಲು. ಸ್ವೀಟ್ ಪೀ ಅರೇಬಿಕಾದಂತೆ: ಹೂ ಬಿರಿಯುವ ಮೊದಲೇ ಒಳಗೆ ತನ್ನ ಪರಾಗ ತಾಗಿರುತ್ತದೆ. ನಾಲ್ಕೈದು ಬಳ್ಳಿ ಸಾಕು, ಬಣ್ಣಗಳು ಪಕ್ಕಪಕ್ಕದಲ್ಲಿದ್ದರೂ ಬೀಜ ಬಹುಪಾಲು ಶುದ್ಧ. ಒಂದೇ ಶುದ್ಧ ತಳಿಯಲ್ಲಿ ಆರಿಸಲು ಹೆಚ್ಚೇನೂ ಇರುವುದಿಲ್ಲವಾದ್ದರಿಂದ, ಬೇಗ ಅರಳುವ ತಳಿ ಬೇಕೆನ್ನುವವರು ಮಿಶ್ರ ಬೀಜದಿಂದ ಹೊರಟು, ವರ್ಷ ವರ್ಷವೂ ಮೊದಲು ಅರಳಿದ ಬಳ್ಳಿಯನ್ನೇ ಆರಿಸಬೇಕು. ಲಾರ್ಕ್‌ಸ್ಪರ್ ಹೂವಿಗೆ ಜೇನು, ದುಂಬಿ ಬಂದು ಬಣ್ಣ ಬೆರೆಸುತ್ತವೆ. ಆಸ್ಟರ್‌ನಲ್ಲಿ ಬೆರಕೆ ಕಡಿಮೆ, ಆದರೂ ಉಂಟು. ಇವೆರಡರಲ್ಲಿ ಹತ್ತು ಗಿಡಕ್ಕೆ ಕಡಿಮೆಯಿಲ್ಲದಂತೆ ಬೀಜ ಹಿಡಿಯಬೇಕು. ಬಣ್ಣ ಉಳಿಯಬೇಕಾದರೆ ಒಂದು ಅಂಗಳದಲ್ಲಿ ಒಂದೇ ಬಣ್ಣ ಬೆಳೆಸಬೇಕು.

ಇಲ್ಲಿ ಮಲೆನಾಡಿನವರಿಗೆ ಒಂದು ಅನುಕೂಲವಿದೆ. ಬಯಲುಸೀಮೆಯಲ್ಲಿ ಮನೆಗೆ ಮನೆ ತಾಗಿರುತ್ತದೆ. ನಮ್ಮವು ಒಂಟಿ ಮನೆಗಳು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಕಾಡು, ಗುಡ್ಡ. ಬೀಜೋತ್ಪಾದಕರು ಬೆರಕೆ ತಪ್ಪಿಸಲು ಬಿಡುವ ಅಂತರ ನಮಗೆ ಹಿರಿಯರು ಮನೆ ಕಟ್ಟುವಾಗಲೇ ಸಿಕ್ಕಿದೆ.

ಕಾಯಿ ಬಲಿಯುವುದು ಫೆಬ್ರವರಿ ಕೊನೆಯಿಂದ ಏಪ್ರಿಲಿನವರೆಗೆ. ಕಾಫಿಗೆ ಹೂಮಳೆ ಬೇಕೆಂದು ನಾವು ಮುಗಿಲು ನೋಡುವುದೂ ಆಗಲೇ. ಕಾಫಿಗೆ ಬೇಕಾದ ಹೂಮಳೆ ಈ ಬೀಜಕ್ಕೆ ಬೇಡ. ಒಣಗಿದ ಕಾಯಿ ಒಮ್ಮೆ ನೆನೆದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಸ್ವೀಟ್ ಪೀ ಕಾಯಿ ಕಂದಾಗಿ ಸಿಡಿಯುವ ಮೊದಲು, ಲಾರ್ಕ್‌ಸ್ಪರ್ ಕಾಯಿಯ ತುದಿ ಬಿಚ್ಚುತ್ತಿರುವಾಗ, ಆಸ್ಟರ್ ಹೂ ಒಣಗಿ ಬಿಳಿ ನವಿರು ಕಂಡಾಗ ಬೆಳಿಗ್ಗೆ ಹೋಗಿ ಬಿಡಿಸಿಕೊಳ್ಳಿ. ಮೋಡ ಕಟ್ಟಿದರೆ ಬಲಿತ ಗಿಡವನ್ನೇ ಬುಡಕ್ಕೆ ಕತ್ತರಿಸಿ ಮಾಡಿನಡಿ ತೂಗುಹಾಕಿ.

ಮಳೆಗಾಲ ದಾಟಿಸುವುದು

ಬೀಜ ಸಾಯುವುದು ಅಂಗಳದಲ್ಲಿ ಅಲ್ಲ, ಡಬ್ಬಿಯೊಳಗೆ, ಆಷಾಢ ಶ್ರಾವಣದಲ್ಲಿ. ಬೀಜಶಾಸ್ತ್ರಜ್ಞ ಹ್ಯಾರಿಂಗ್‌ಟನ್ ಹೇಳಿದ ಸರಳ ಲೆಕ್ಕಗಳಿವೆ. ಬೀಜದ ತೇವಾಂಶ ಶೇಕಡ 1ರಷ್ಟು ಇಳಿದರೆ ಅದರ ಆಯುಷ್ಯ ಇಮ್ಮಡಿ. ಇಟ್ಟ ಜಾಗದ ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಆಯುಷ್ಯ ಮತ್ತೆ ಇಮ್ಮಡಿ. ಇನ್ನೊಂದು ಲೆಕ್ಕ: ಫ್ಯಾರನ್‌ಹೀಟ್ ಉಷ್ಣಾಂಶವನ್ನೂ ಗಾಳಿಯ ತೇವದ ಶೇಕಡಾಂಶವನ್ನೂ ಕೂಡಿಸಿದರೆ 100 ಮೀರಬಾರದು. ಜುಲೈಯಲ್ಲಿ ನಮ್ಮ ಮನೆಯೊಳಗೆ 70 ಡಿಗ್ರಿ, ತೇವ ಶೇಕಡ 90 ಎಂದಿಟ್ಟುಕೊಂಡರೆ ಮೊತ್ತ 160. ಕಪಾಟಿನಲ್ಲಿ ಕಾಗದದ ಪೊಟ್ಟಣ ಕಟ್ಟಿಟ್ಟ ಆಸ್ಟರ್ ಬೀಜ ಅಕ್ಟೋಬರಿನಲ್ಲಿ ಹುಟ್ಟದಿದ್ದರೆ ಆಶ್ಚರ್ಯವೇನು? ಸೌತೆ ಬೀಜವನ್ನು ಬೂದಿಯಲ್ಲಿ ಕಲಸಿ ಗೋಡೆಗೆ ಮೆತ್ತುತ್ತಿದ್ದ, ಬೀಜದ ಗಂಟನ್ನು ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದ ಹಿರಿಯರಿಗೆ ಈ ಲೆಕ್ಕ ಅನುಭವದಿಂದ ಗೊತ್ತಿತ್ತು. ಗ್ಯಾಸ್ ಒಲೆ ಬಂದ ಮೇಲೆ ಆ ಬೆಚ್ಚನೆ ಅಟ್ಟ ಹೋಯಿತು. ಅದರ ಬದಲಿಗೆ ಬೇರೆ ಕ್ರಮ ಮಾಡಿಕೊಳ್ಳಬೇಕಾಗಿದೆ.

ಕ್ರಮ ಹೀಗೆ. ಬೀಜವನ್ನು ಮೊರದಲ್ಲಿ ಕಾಗದ ಹಾಸಿ, ತೆಳ್ಳಗೆ ಹರವಿ, ಗಾಳಿಯಾಡುವ ನೆರಳಿನಲ್ಲಿ ಹತ್ತು ಹನ್ನೆರಡು ದಿನ ಒಣಗಿಸಿ. ಕಾಫಿ ಕಣದ ಕಾದ ಸಿಮೆಂಟಿನ ಮೇಲೆ ಹಾಕಬಾರದು. ಸ್ವೀಟ್ ಪೀ ಬೀಜಕ್ಕೆ ಉಗುರು ನಾಟಬಾರದು. ಆಸ್ಟರ್ ಬೀಜ ಬಾಗಿಸಿದರೆ ಚಟಕ್ಕನೆ ಮುರಿಯಬೇಕು. ಆಮೇಲೆ ಬೀಜದ ಎರಡರಷ್ಟು ಅಕ್ಕಿಯನ್ನು ಚೆನ್ನಾಗಿ ಹುರಿದು, ಮುಚ್ಚಿದ ಪಾತ್ರೆಯಲ್ಲಿ ಪೂರ್ತಿ ಆರಲು ಬಿಟ್ಟು, ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ. ಬೀಜವನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಅದರ ಮೇಲಿಡಿ. ಹುರಿದ ಅಕ್ಕಿ ಬೀಜದಲ್ಲಿ ಉಳಿದ ತೇವವನ್ನು ಹೀರುತ್ತದೆ. ಎರಡು ವಾರದ ಬಳಿಕ ಆ ಅಕ್ಕಿ ತೆಗೆದು, ಹೊಸದಾಗಿ ಹುರಿದ ಸ್ವಲ್ಪ ಅಕ್ಕಿಯೊಡನೆ ಬೀಜವನ್ನು ಒಣ ಬಾಟಲಿಗೆ ತುಂಬಿ, ಮುಚ್ಚಳಕ್ಕೆ ಮೇಣ ಸುರಿದು ಫ್ರಿಜ್ಜಿನಲ್ಲಿಡಿ. ಹೂವಿನ ಹೆಸರು, ಬಣ್ಣ, ವರ್ಷ ಬರೆದ ಚೀಟಿ ಒಳಗೂ ಇರಲಿ, ಹೊರಗೂ ಇರಲಿ. ಇದೆಲ್ಲ ಮೃಗಶಿರಾ ಮಳೆ ಹಿಡಿಯುವ ಮೊದಲು ಮುಗಿದಿರಬೇಕು. ಬಿತ್ತನೆಗೆ ತೆಗೆಯುವಾಗ ಬಾಟಲಿಯ ತಣುವು ಆರುವವರೆಗೆ ಮುಚ್ಚಳ ತೆರೆಯಬೇಡಿ. ತೆರೆದರೆ ಗಾಳಿಯ ತೇವ ಬೀಜದ ಮೇಲೆ ಇಬ್ಬನಿಯಂತೆ ಕೂರುತ್ತದೆ.

ಮೂರರಲ್ಲಿ ಸ್ವೀಟ್ ಪೀ ಬೀಜ ಗಟ್ಟಿ, ಚೆನ್ನಾಗಿ ಇಟ್ಟರೆ ಹಲವು ವರ್ಷ ಬರುತ್ತದೆ. ಲಾರ್ಕ್‌ಸ್ಪರ್ ಮತ್ತು ಆಸ್ಟರ್ ಬೀಜಗಳ ಆಯುಷ್ಯ ಕಡಿಮೆ. ಅವನ್ನು ಮುಂದಿನ ಹಂಗಾಮಿಗೇ ಬಿತ್ತಬೇಕು, ಕಾಫಿ ಬೀಜವನ್ನು ಹೊಸದರಲ್ಲೇ ಮಡಿಗೆ ಹಾಕುವಂತೆ. ಸೆಪ್ಟೆಂಬರಿನಲ್ಲಿ ಇಪ್ಪತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆ ನೋಡಿ. ಲಾರ್ಕ್‌ಸ್ಪರ್ ಆದರೆ ಆ ಬಟ್ಟೆಯನ್ನು ಮೊದಲು ಹತ್ತು ದಿನ ಫ್ರಿಜ್ಜಿನಲ್ಲಿಡಿ. ಹದಿನೈದು ಮೊಳೆತರೆ ನೆಮ್ಮದಿ. ಐದೇ ಮೊಳೆತರೆ ಇರುವ ಬೀಜವನ್ನೆಲ್ಲ ಅದೇ ವರ್ಷ ದಟ್ಟವಾಗಿ ಬಿತ್ತಿ, ಬಂದ ಗಿಡಗಳನ್ನೆಲ್ಲ ಬೀಜಕ್ಕೇ ಬಿಡಿ. ಆ ವರ್ಷ ಹೂದಾನಿ ಖಾಲಿ ಇರಲಿ.

ಮಾರಾಟದ ಮಾತು

ಇದರಿಂದ ಆದಾಯವೆಷ್ಟು ಎಂದು ಕೇಳುವವರಿದ್ದಾರೆ. ಅಡಿಕೆ, ಕಾಫಿಯ ಜಾಗಕ್ಕೆ ಈ ಹೂವನ್ನು ತರುವ ಮಾತು ನಮ್ಮದಲ್ಲ. ಗುಲಾಬಿ, ಕಾರ್ನೇಷನ್, ಜರ್ಬೆರಾ ಪೆಟ್ಟಿಗೆಯಲ್ಲಿ ದೂರ ಹೋಗುತ್ತವೆ. ಸ್ವೀಟ್ ಪೀಯ ಎಸಳು ರಾತ್ರಿ ಬಸ್ಸಿನ ಕುಲುಕಾಟವನ್ನು ತಾಳುವುದಿಲ್ಲ. ದೂರ ಹೋಗಲಾರದ್ದರಿಂದಲೇ ಇದು ದೊಡ್ಡ ವ್ಯಾಪಾರಿಗಳ ಕೈಗೆ ಸಿಕ್ಕಿಲ್ಲ, ಹತ್ತಿರದವರಿಗೆ ಉಳಿದಿದೆ. ಪ್ರವಾಸಿಗರು ತಂಗುವ ಮನೆಗಳು, ಮದುವೆ ಮಂಟಪ, ಚರ್ಚು, ಪೇಟೆಯ ಹೂವಿನಂಗಡಿ ಇವು ಕೇಳಿ ನೋಡಬಹುದಾದ ಸ್ಥಳಗಳು. ಮೊದಲ ವರ್ಷ ಒಂದು ಪಾತಿ ಮಾತ್ರ ಮಾಡಿ. ಕೊಳ್ಳುವವರನ್ನು ಕಂಡು ಮಾತಾಡಿದ ಮೇಲೆ ಎರಡನೆಯ ಪಾತಿ ಅಗೆಯಿರಿ.

ಸಂಘದ ಸಲಹೆ

ಹಳೆಯ ತಳಿ ಒಂದೇ ಮನೆಯಲ್ಲಿದ್ದರೆ ಅದು ಒಂದು ಬಾಟಲಿಯ ಮೇಲೆ, ಒಬ್ಬರ ಆರೋಗ್ಯದ ಮೇಲೆ ನಿಂತಿರುತ್ತದೆ. ಬೀಜ ನೋಡಿಕೊಳ್ಳುತ್ತಿದ್ದ ಅಜ್ಜಿ ಹಾಸಿಗೆ ಹಿಡಿದ ವರ್ಷ ಪಾತಿ ಬರಿದು. ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ, ಡಬ್ಬಿಯಲ್ಲಿ ಏನಿದೆಯೆಂದು ಅವರಿಗೆ ತಿಳಿಯದು. ಆದ್ದರಿಂದ ಒಂದು ಮನೆಗೆ ಒಂದು ಬಣ್ಣ, ಒಂದು ಬಣ್ಣಕ್ಕೆ ದೂರ ದೂರದ ಎರಡು ಮನೆ, ಎಂಬ ಏರ್ಪಾಡನ್ನು ಸದಸ್ಯರ ಮುಂದಿಡುತ್ತಿದ್ದೇವೆ. ಒಂದು ಮನೆಯಲ್ಲಿ ತಪ್ಪಿದರೆ ಇನ್ನೊಂದರಲ್ಲಿ ಇರುತ್ತದೆ. ಕಚೇರಿಯಲ್ಲಿ ಇದಕ್ಕೊಂದು ಪುಸ್ತಕ ತೆರೆಯುತ್ತೇವೆ. ಯಾರ ಮನೆಯಲ್ಲಿ ಯಾವ ಹೂ, ಎಷ್ಟು ಕಾಲದಿಂದ ಇದೆ, ಮೊದಲ ಹೂ ಯಾವ ವಾರ ಬಿಡುತ್ತದೆ, ಬೀಜ ಎಲ್ಲಿಂದ ಬಂತು ಎಂಬುದನ್ನು ಬರೆಸಬೇಕು. ಬರಲಾಗದ ಹಿರಿಯರಿದ್ದರೆ ಮನೆಯವರು ಅವರನ್ನು ಕೇಳಿ ಬರೆದು ತರಲಿ. ಮೊದಲು ಕೇಳಬೇಕಾದ್ದೂ ಅವರನ್ನೇ. ಹೆಚ್ಚಿನ ಬೀಜವಿದ್ದವರು ಒಂದು ಚಮಚದಷ್ಟನ್ನು ಹೆಸರು, ವರ್ಷ ಬರೆದು ಮಳೆಗಾಲಕ್ಕೆ ಮೊದಲು ತಲುಪಿಸಿದರೆ ನವರಾತ್ರಿಗೆ ಮುಂಚೆ ಇಲ್ಲದವರಿಗೆ ಹಂಚುತ್ತೇವೆ. ಪಡೆದವರು ಮರುವರ್ಷ ಎರಡು ಚಮಚ ಹಿಂತಿರುಗಿಸಬೇಕು, ಬಡ್ಡಿ ಅಷ್ಟೇ.

ಈ ಹಂಗಾಮಿನ ಕಾಯಿಗಳು ಬಲಿಯುವ ಹೊತ್ತಿಗೆ ಕೆಂಪು ದಾರ ಕಟ್ಟಿದ ಗಿಡ ಪ್ರತಿ ಅಂಗಳದಲ್ಲೂ ಒಂದಾದರೂ ಇರಲಿ ಎಂದು ಆಶಿಸುತ್ತೇವೆ.